ಆರೂವರೆ ಅಡಿಯ ಪೆಟ್ಟಿಗೆ

ಬಡಗಿ ಕೊನೆಯ ಹಲಗೆಗೆ ಮೊಳೆ ಹೊಡೆಯುತ್ತಿದ್ದಾಗ ಸತ್ತವಳ ಮಗಳು ಬಂದು ಅವನ ಕೈ ಹಿಡಿದು ನಿಲ್ಲಿಸಿದಳು.

"ಮಾವ, ಅಮ್ಮ ಐದಡಿನೂ ಇರ್ಲಿಲ್ಲ. ಪೆಟ್ಟಿಗೆ ಯಾಕೆ ಇಷ್ಟುದ್ದ?"

"ಆರೂವರೆ ಅಡಿ ಉದ್ದ, ಎರಡಡಿ ಅಗಲ. ಆಸ್ಪತ್ರೆ ಸ್ಟ್ರೆಚರ್ ಅಳತೆ," ಎಂದ ಬಡಗಿ. "ಆಫೀಸಿನೋರು ಕೊಟ್ಟ ಕಾಗದ ನೋಡ್ಕೊಂಡೇ ಕೊಯ್ದಿದ್ದೀನಿ."

ಮಗಳು ಹಿಡಿದ ಕೈ ಬಿಟ್ಟಳು. ಆಮೇಲೆ ತಾನೇ ಒಂದೊಂದು ಮೊಳೆ ಎತ್ತಿ ಕೊಡತೊಡಗಿದಳು.

ಒಳಗೆ ತಗಡಿನ ಸೂರಿನ ಬಾಡಿಗೆ ಕೋಣೆಯಲ್ಲಿ ಅವಳ ಅಮ್ಮ, ಗಾರೆಯಕ್ಕ, ಮಲಗಿದ್ದಳು. ಜೀವಮಾನವೆಲ್ಲ ಕಂಡವರ ಗೋಡೆ ನುಣುಪು ಮಾಡಿದವಳು. ಅವಳದೇ ಕೋಣೆಯ ಗೋಡೆ ಮುಟ್ಟಿದರೆ ಕೈಗೆ ನೀರು ಹತ್ತುತ್ತಿತ್ತು.

"ಕಣ್ಣೆದುರಿಗೇ ಮನೆ ಕಟ್ಟಿಟ್ಟು ಈ ಗೂಡಲ್ಲಿ ಕೆಮ್ಮಿ ಕೆಮ್ಮಿ ಸತ್ಳಲ್ಲ," ಎಂದಳು ಪಕ್ಕದ ಕೋಣೆಯ ದರ್ಜಿ ಹೆಂಗಸು. "ಉಗುರಲ್ಲಿನ ಸಿಮೆಂಟು ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ ಕಣೇ."

"ಬಿಡಿ ಅತ್ತೆ, ಇರ್ಲಿ," ಎಂದಳು ಮಗಳು.

* * *

ಮೂವತ್ತಾರು ಬಾಡಿಗೆದಾರ ಕುಟುಂಬಗಳು ಸೇರಿ, ಆರು ವರ್ಷ ಒಂದು ರಜೆಯನ್ನೂ ಬಿಡದೆ, ತಾವೇ ಇಟ್ಟಿಗೆ ಹೊತ್ತು ಒಂದೇ ಕಟ್ಟಡದಲ್ಲಿ ಕಟ್ಟಿದ ಮನೆಗಳವು. ಎಲ್ಲ ಮುಗಿಯುವ ತನಕ ಯಾವ ಮನೆ ಯಾರದ್ದೆಂದು ಗೊತ್ತಾಗಬಾರದು, ಕೊನೆಗೆ ಚೀಟಿ ಎತ್ತಬೇಕು ಎಂಬ ನಿಯಮ ಗಾರೆಯಕ್ಕನದು. "ಯಾವ್ದು ನಿಂದು ಅಂತ ಗೊತ್ತಾದ್ರೆ ಮಿಕ್ಕಿದ್ದಕ್ಕೆ ಕಾಟಾಚಾರದ ಕೆಲ್ಸ ಮಾಡ್ತೀಯ," ಎಂದು ಬಡಗಿಯ ಮುಖಕ್ಕೇ ಹೇಳಿದ್ದಳು.

ಎಡವಟ್ಟಾದದ್ದೂ ಅವಳ ಕೈಯಿಂದಲೇ. ಮೆಟ್ಟಿಲ ಗೋಡೆ ಮುದುಕರು, ಮಕ್ಕಳು ಕೈಯೂರಿ ಹತ್ತುವ ಜಾಗ ಎಂದು ಎರಡೂ ಕಡೆ ಇನ್ನೊಂದು ಪದರ ಗಾರೆ ಮೆತ್ತಿ ಗಾಜಿನಂತೆ ಉಜ್ಜಿದಳು. ಮನೆ ಪರವಾನಗಿಯ ಆಫೀಸಿನಿಂದ ತಪಾಸಣೆಗೆ ಬಂದ ಸಾಹೇಬರು ಟೇಪು ಎಳೆದರು.

"ಒಂದಿಂಚು ಕಮ್ಮಿ ಇದೆ. ತಿರುವಲ್ಲಿ ಸ್ಟ್ರೆಚರ್ ತಿರುಗಲ್ಲ. ಅದರ ಅಳತೆ ಈ ಕಾಗದದಲ್ಲಿದೆ, ನೋಡ್ಕೊಳ್ಳಿ." ಬಾಗಿಲಿಗೆ ಬೀಗ ಬಿತ್ತು, ಬೀಗಕ್ಕೆ ಸೀಲು ಬಿತ್ತು.

"ಒಂದಿಂಚು ತಾನೇ ಸಾರ್? ಸಂಜೆಯೊಳಗೆ ನಾನೇ ಕೆತ್ತಿಬಿಡ್ತೀನಿ."

"ಸೀಲ್ ಹಾಕಿದ್ಮೇಲೆ ಮುಟ್ಟೋ ಹಾಗಿಲ್ಲಮ್ಮ. ಅರ್ಜಿ ಕೊಡಿ."

ಕೊಟ್ಟಳು. ಹದಿನಾಲ್ಕು ತಿಂಗಳು ಕೊಡುತ್ತಲೇ ಇದ್ದಳು. ಸಾಹೇಬರು ಹೂಂ ಅಂದ ದಿನವೇ ಹೋಗಿ ಕೆತ್ತಬೇಕೆಂದು ಉಳಿ ಸುತ್ತಿಗೆಯನ್ನು ಚೀಲದಲ್ಲಿಟ್ಟುಕೊಂಡೇ ಕಚೇರಿಯ ಬೆಂಚಿನ ಮೇಲೆ ಕೂರುತ್ತಿದ್ದಳು. ಆ ಚೀಲ ನೋಡಿಯೂ ಅಲ್ಲಿ ಒಬ್ಬರಿಗಾದರೂ ನಾಚಿಕೆಯಾಗಲಿಲ್ಲ. ಒಂದಿಂಚು ಗಾರೆ ಕಂಡ ಕಣ್ಣಿಗೆ ಎದುರು ಕೂತು ಕೆಮ್ಮುವ ಹೆಂಗಸು ಕಾಣಲಿಲ್ಲ.

* * *

ಪೆಟ್ಟಿಗೆಯ ಕಾಲಿನ ಕಡೆ ಉಳಿದ ಜಾಗಕ್ಕೆ ಅವಳ ಕೆಲಸದ ಬಟ್ಟೆಗಳನ್ನು ತುಂಬಿದರು. ಸ್ಮಶಾನಕ್ಕೆ ರಸ್ತೆ ಎಡಕ್ಕೆ. ಹೊತ್ತವರು ಬಲಕ್ಕೆ, ಕಟ್ಟಡದ ಕಡೆ ತಿರುಗಿದರು. ಹಿಂದೆ ಬರುತ್ತಿದ್ದ ಮೂವತ್ತಾರು ಮನೆಯವರೂ ತಿರುಗಿದರು.

"ಅಕ್ಕ, ನನ್ನ ಕೆಲ್ಸ ಹೋಗುತ್ತೆ," ಎಂದ ಕಟ್ಟಡದ ಕಾವಲುಗಾರ.

"ಹೋಗಿ ಹೇಳಣ್ಣ. ಸಾಹೇಬ್ರನ್ನೇ ಕರ್ಕೊಂಡು ಬಾ. ಟೇಪು ಮರೀಬೇಡಿ ಅನ್ನು," ಎಂದಳು ಮಗಳು.

ಅವನು ಓಡಿದ. ಮಗಳು ಅಮ್ಮನ ಚೀಲದಿಂದ ಉಳಿ ತೆಗೆದು, ಸೀಲಿನ ಮೇಲಿಟ್ಟು, ಸುತ್ತಿಗೆಯಿಂದ ಎರಡೇ ಏಟು ಹೊಡೆದಳು. ಸೀಲಿನ ಜೊತೆ ಬೀಗವೂ ಕಿತ್ತುಬಂತು.

ಸಾಹೇಬರು ಏದುಸಿರು ಬಿಡುತ್ತಾ ಬಂದಾಗ ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿತ್ತು.

"ಯಾರ್ರೀ ನಿಮಗೆ ಅಧಿಕಾರ ಕೊಟ್ಟಿದ್ದು? ಇಳಿಸ್ರೀ ಕೆಳಗೆ!"

"ಇಳಿಸ್ತೀವಿ ಸಾರ್," ಎಂದ ಬಡಗಿ, ಹೆಗಲ ಭಾರಕ್ಕೆ ಹಲ್ಲು ಕಚ್ಚಿ. "ತಿರುಗುತ್ತೋ ಇಲ್ವೋ, ನಿಂತು ನೋಡ್ಬಿಡಿ."

ಮುಂದಿನವರು ಅರ್ಧ ಹೆಜ್ಜೆ ಸರಿದರು, ಹಿಂದಿನವರು ತುಸು ಎತ್ತಿದರು. ಪೆಟ್ಟಿಗೆ ತಿರುಗಿತು. ಬಡಗಿ ಹಲಗೆಗೂ ಗೋಡೆಗೂ ನಡುವೆ ಕೈಯನ್ನು ಅಡ್ಡ ಹಿಡಿದ. ನಾಲ್ಕು ಬೆರಳು ಸಲೀಸಾಗಿ ಹಿಡಿಸಿದವು.

"ನಿಮ್ ಕೈನೂ ಇಟ್ನೋಡ್ತೀರಾ ಸಾರ್?"

ಸಾಹೇಬರು ಜೇಬಿನಿಂದ ಟೇಪು ತೆಗೆಯಲಿಲ್ಲ.

ಮೊದಲ ಮಹಡಿಯಲ್ಲಿ ಆರು ಬಾಗಿಲುಗಳಿದ್ದವು. ಹೊತ್ತವರು ನಿಂತರು.

"ಯಾವ ಮನೆಗಮ್ಮ?" ಎಂದು ಕೇಳಿದ ಬಡಗಿ.

"ಚೀಟಿ ಎತ್ತಿಲ್ವಲ್ಲ ಮಾವ," ಎಂದಳು ಮಗಳು. ಆರು ಬಾಗಿಲುಗಳನ್ನೂ ಒಂದೊಂದಾಗಿ ತೆರೆಯುತ್ತಾ ಹೋದಳು. ಕೆಳಗಿನಿಂದ ಜನ ಹತ್ತಿ ಬರುತ್ತಲೇ ಇದ್ದರು, ಒಬ್ಬೊಬ್ಬರ ಕೈಯೂ ಆ ನುಣುಪು ಗೋಡೆಯ ಮೇಲೆ.