ಕಣ್ಣಿನ ಹಿಂಬದಿ

ನಿಮ್ಮನ್ನೇ ಕೇಳುತ್ತಿದ್ದೇನೆ: ಸಕ್ಕರೆ ಕಾಯಿಲೆ ನಿಮ್ಮ ಮನೆಗೆ ಬಂದು ಕಾಲು ಚಾಚಿ ಕುಳಿತು ವರ್ಷಗಳೇ ಕಳೆದಿದ್ದರೂ, ನಿಮ್ಮ ಕಣ್ಣಿನ ಒಳಭಾಗವನ್ನು ಒಮ್ಮೆಯಾದರೂ ಯಾರಿಗಾದರೂ ತೋರಿಸಿದ್ದೀರಾ? “ನನಗೆ ಚೆನ್ನಾಗಿಯೇ ಕಾಣುತ್ತದಲ್ಲ” ಎನ್ನುತ್ತೀರಿ. ಈ ಒಂದು ಮಾತನ್ನು ನೆಚ್ಚಿಕೊಂಡು ಕುಳಿತವರು ಬೆಳಕು ಕಳೆದುಕೊಂಡದ್ದನ್ನು ಕಂಡೂ ಕಾಣದಂತೆ ಇರುವುದು ಯಾವ ನ್ಯಾಯ? ಹೊಲದ ಬೇಲಿಯನ್ನು ದಿನವೂ ನೋಡುವವರು, ಮನೆಯ ಸೂರನ್ನು ಮಳೆಗೆ ಮುಂಚೆ ನೋಡುವವರು, ಕಣ್ಣಿನ ವಿಷಯಕ್ಕೆ ಬಂದಾಗ ಮಾತ್ರ ಕುರುಡರಾಗುತ್ತಾರೆ.

ನಮ್ಮ ಚುನ್‌ಬೆಕ್‌ನಲ್ಲಿ ಹೀಗಾಗಬಾರದಿತ್ತು. ಯುಕತಾನ್ ಪ್ರಾಂತ್ಯದ ಈ ಊರಿನ ಹೆಂಗಸರು ಬದುಕುವುದೇ ಕಣ್ಣಿನಿಂದ. ಇಲ್ಲಿಯ ಕಸೂತಿಗೆ ಬಟ್ಟೆಯ ಮೇಲೆ ಗುರುತು ಬರೆಯುವ ಪದ್ಧತಿಯಿಲ್ಲ. ಎಳೆ ಎಣಿಸಬೇಕು, ಸೂಜಿ ಚುಚ್ಚಬೇಕು, ಮತ್ತೆ ಎಣಿಸಬೇಕು. ಕಣ್ಣು ತಪ್ಪಿದರೆ ಹೂವು ತಪ್ಪುತ್ತದೆ. ಆದರೂ ಮನೆಮನೆಗೂ ಸಕ್ಕರೆ ಕಾಯಿಲೆ ಹೊಕ್ಕಿರುವ ಇದೇ ಊರಿನಲ್ಲಿ, ಶಾಲೆಗೆ ಬಂದ ಕಣ್ಣಿನ ಯಂತ್ರವನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಬಾಗಿಲು ಹಾಕಿಕೊಂಡವರಲ್ಲಿ ಮೊದಲನೆಯವಳು ಲಿಬ್ರಾದಾ ಪೂಟ್. ಕಸೂತಿಯಲ್ಲಿ ಊರಿನಲ್ಲೇ ನಾಜೂಕಾದ ಕೈ ಅವಳದು. ಒಂದು ಮಧ್ಯಾಹ್ನ ಅವಳು ಅಂಗಳದ ಹುಳಿಕಿತ್ತಳೆ ಮರದ ನೆರಳಿನಲ್ಲಿ ಕುಳಿತು ಬಿಳಿಯ ನಿಲುವಂಗಿಯೊಂದರ ಅಂಚಿಗೆ ಹೂವು ಹಾಕುತ್ತಿದ್ದಳು. ಅವಳ ಗಂಡ ಕ್ರೆಸೆನ್ಸಿಯೊ ಪಕ್ಕದಲ್ಲೇ ಬಲೆ ಹೆಣೆದ ತೂಗುತೊಟ್ಟಿಲಲ್ಲಿ ತೂಗಾಡುತ್ತಿದ್ದ. ಆಗ ಬಂದವಳು ನೆಲ್ಮಿ ಕಾನುಲ್. ಲಿಬ್ರಾದಾಳ ಮಗಳನ್ನು ಜ್ಞಾನಸ್ನಾನದಲ್ಲಿ ಎತ್ತಿಕೊಂಡ ಧರ್ಮತಾಯಿ ಅವಳು. ಆದ್ದರಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಊರಿನ ಆರೋಗ್ಯ ಕೇಂದ್ರದ ಕೆಲಸಕ್ಕೂ ಮನೆಮನೆ ತಿರುಗುವವಳು ಅವಳೇ.

“ಕೊಮಾದ್ರೆ, ಗುರುವಾರ ಶಾಲೆಗೆ ಕಣ್ಣಿನ ಫೋಟೊ ತೆಗೆಯೋರು ಬರ್ತಾರೆ. ನೀವು ಬರ್ತೀರಿ ಅಂತ ಹೇಳ್ಬಿಟ್ಟಿದೀನಿ.”

“ಹೇಳಿದ ಬಾಯಲ್ಲೇ ಬರಲ್ಲ ಅಂತನೂ ಹೇಳ್ಬಿಡಿ. ಫೋಟೊ ಬೇಕಂದ್ರೆ ಮುಖದ್ದು ತೆಗೀಲಿ, ಓಲೆ ಹಾಕ್ಕೊಂಡು ಬರ್ತೀನಿ.”

“ಮುಖದ್ದು ಬೇಡ ಕೊಮಾದ್ರೆ,” ಎಂದ ಕ್ರೆಸೆನ್ಸಿಯೊ ತೊಟ್ಟಿಲಿನಿಂದ. “ಯಂತ್ರ ಹೆದರ್ಕೊಂಡೀತು.”

“ನೀನು ಸುಮ್ನೆ ತೂಗಾಡು ಮುದುಕ. ತೂಗಾಡೋಕೂ ಕೂಲಿ ಕೇಳೋ ಹಾಗೆ ಮಾತಾಡ್ತೀಯ.”

ನೆಲ್ಮಿ ನಗುತ್ತಲೇ ಬೆಂಚಿನ ಮೇಲೆ ಕುಳಿತಳು. “ತಮಾಷೆ ಅಲ್ಲ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿರೋ ಪರದೆನ ತಿನ್ನುತ್ತೆ. ಮೆಲ್ಲಗೆ ತಿನ್ನುತ್ತೆ, ಸದ್ದೇ ಮಾಡಲ್ಲ.”

ಲಿಬ್ರಾದಾ ಸೂಜಿಯನ್ನು ಎತ್ತಿ ಹಿಡಿದಳು. ದಾರದ ತುದಿಯನ್ನು ತುಟಿಗೆ ಒತ್ತಿ, ಒಂದೇ ಸಲಕ್ಕೆ ಪೋಣಿಸಿ, ಕೊಮಾದ್ರೆಯ ಮುಂದೆ ಆಡಿಸಿದಳು. “ನೋಡಿ. ಇದಕ್ಕಿಂತ ಇನ್ಯಾವ ಪರೀಕ್ಷೆ ಬೇಕು?”

“ಸರಿ. ಮೆರಿದಾ ಪಟ್ಟಣದಿಂದ ಕಸೂತಿ ಕೊಳ್ಳೋಕೆ ಬರ್ತಾಳಲ್ಲ ಆ ಹೆಂಗಸು, ಬಟ್ಟೆ ಕೈಗೆ ಬಂದ ತಕ್ಷಣ ಏನು ಮಾಡ್ತಾಳೆ?”

“ಮಗುಚಿ ಹಿಂಬದಿ ನೋಡ್ತಾಳೆ. ಅಲ್ಲಿ ಗಂಟು ಕಂಡ್ರೆ ಮುಖದ ಮೇಲೇ ಎಸೀತಾಳೆ, ಪುಣ್ಯಾತ್ಗಿತ್ತಿ.”

“ಎದುರುಗಡೆ ಹೂವು ಚೆನ್ನಾಗಿದ್ರೂ?”

“ಎದುರುಗಡೆ ಯಾರು ಬೇಕಾದ್ರೂ ಹಾಕ್ತಾರೆ. ಕಸೂತಿ ಗೊತ್ತಾಗೋದೇ ಹಿಂಬದೀಲಿ.”

“ಹಾಗಾದ್ರೆ ನಿಮ್ಮ ಕಣ್ಣಿನ ಹಿಂಬದಿ ಯಾರು ನೋಡಿದ್ದಾರೆ, ಕೊಮಾದ್ರೆ?”

ತೊಟ್ಟಿಲಿನ ಹಗ್ಗ ಕಿರ್ರೆಂದು ನಿಂತಿತು. ಲಿಬ್ರಾದಾ ಒಂದೆರಡು ಹೊಲಿಗೆ ಹಾಕಿದಳು. ಬಳಿಕ ಮನಸ್ಸಿನಲ್ಲಿದ್ದುದನ್ನು ಹೊರಗೆ ತೆಗೆದಳು.

“ಫೋಟೊಗೆ ನಂಗೇನೂ ಭಯ ಇಲ್ಲ. ಅದಕ್ಕೆ ಮುಂಚೆ ಹಾಕ್ತಾರಲ್ಲ ಹನಿ, ಭಯ ಇರೋದು ಅದಕ್ಕೆ. ದಿನವಿಡೀ ಎಳೆ ಎಣಿಸಿದ ಕಣ್ಣು ಕಾವಲಿ ಥರ ಕಾದಿರುತ್ತೆ. ಅದರೊಳಗೆ ಮಂಜಿನ ಪೆಟ್ಟಿಗೆಯಿಂದ ತೆಗೆದ ತಣ್ಣನೆ ಹನಿ ಬಿಟ್ರೆ ಪಾಸ್ಮೊ ಬಡೀದೇ ಇರುತ್ತಾ? ಪಕ್ಕದ್ಮನೆ ದೋನ್ಯಾ ಎಲ್ವಿಯಾಗೆ ಏನಾಯ್ತು? ಹನಿ ಹಾಕಿಸ್ಕೊಂಡ್ಳು, ಕಣ್ಣು ಹೋಯ್ತು.”

ಕಾದ ಮೈಗೆ ತಣ್ಣನೆಯದು ತಾಗಿದಾಗ ಬೀಳುವ ಪೆಟ್ಟಿಗೆ ನಮ್ಮಲ್ಲಿ ಪಾಸ್ಮೊ ಎನ್ನುತ್ತಾರೆ. ಇಸ್ತ್ರಿ ಮಾಡಿ ಎದ್ದವಳು ಕೂಡಲೇ ಕೈ ತೊಳೆಯುವುದಿಲ್ಲ. ರೊಟ್ಟಿ ಬೇಯಿಸಿ ಎದ್ದವಳು ಮಳೆಯಲ್ಲಿ ಹೊರಗೆ ಕಾಲಿಡುವುದಿಲ್ಲ. ಹಿಂದಿನ ವರ್ಷ ಬಂದ ಪಟ್ಟಣದ ವೈದ್ಯನೊಬ್ಬನಿಗೆ ಹೆಂಗಸರು ಈ ಭಯವನ್ನು ಹೇಳಿಕೊಂಡಾಗ ಆತ ಹೊಟ್ಟೆ ಹಿಡಿದು ನಕ್ಕಿದ್ದ. “ಇವರಿಗೆ ಯಾವ ಯಂತ್ರ ತಂದರೇನು” ಎಂದು ಎಲ್ಲರ ಎದುರಿಗೇ ಅಂದಿದ್ದ. ಕೇಳಿಸಿಕೊಂಡವರು ಒಬ್ಬೊಬ್ಬರಾಗಿ ಎದ್ದು ಮನೆಗೆ ನಡೆದರು. ರೋಗಿಯ ಭಯವನ್ನು ನೋಡಿ ನಗುವ ವಿದ್ಯೆಗೆ ಏನೆಂದು ಹೆಸರಿಡಬೇಕು? ರೋಗ ತಿಂದ ಕಣ್ಣುಗಳ ಪಾಪದಲ್ಲಿ ಆ ನಗೆಗೂ ಪಾಲಿದೆ. ಅಂದು ಹನಿ ಹಾಕಿಸಿಕೊಳ್ಳಲು ಉಳಿದವಳು ಎಲ್ವಿಯಾ ಒಬ್ಬಳೇ. ಆಮೇಲೆ ಅವಳ ಕಣ್ಣೇ ಹೋದಾಗ ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

“ಯಾರದು ನನ್ನ ಹೆಸರು ಹಿಡಿದು ಕೂಗ್ತಿರೋದು?”

ಕಾಡುಗಲ್ಲಿನ ಮೋಟುಗೋಡೆಯ ಆಚೆಯಿಂದ ಬಂದ ದನಿ ಅದು. ಹಿರಿಯಳೆಂದು ಊರು ಗೌರವದಿಂದ ದೋನ್ಯಾ ಎನ್ನುವ ಎಲ್ವಿಯಾ ತನ್ನ ಅಂಗಳದಲ್ಲಿ ಕಾಳು ಸುಲಿಯುತ್ತ ಕುಳಿತಿದ್ದಳು.

“ಏನಿಲ್ಲ ದೋನ್ಯಾ, ಸುಮ್ನೆ ಮಾತು,” ಎಂದಳು ಲಿಬ್ರಾದಾ.

“ಕಣ್ಣು ಹೋಗಿದೆ ಕಣೇ, ಕಿವಿ ಎರಡೂ ಇದೆ. ಹನಿಯಿಂದ ಹೋಯ್ತು ಅಂದ್ಯಲ್ಲ, ನಿಂಗೆ ಯಾರು ಹೇಳಿದ್ದು?”

“ಊರೇ ಹೇಳುತ್ತೆ. ನೀವೂ ಹೂಂ ಅಂದಿದ್ರಿ.”

“ಅಂದಿದ್ದೆ.” ಕಾಳು ಬುಟ್ಟಿಗೆ ಬೀಳುವ ಸದ್ದು ನಿಂತಿತು. “ಕೇಳು. ಹನಿ ಹಾಕಿಸ್ಕೊಳ್ಳೋಕೆ ಹೋದಾಗ್ಲೇ ನನ್ನ ಎಡಗಣ್ಣು ಪೂರ್ತಿ ಕತ್ತಲೆ. ಬಲಗಣ್ಣಲ್ಲಿ ನೀರಿಗೆ ಮಸಿ ಬಿಟ್ಟ ಹಾಗೆ ಏನೋ ಹರಡ್ತಿತ್ತು. ಯಾರ ಹತ್ರ ಹೇಳ್ಲಿ? ಕಣ್ಣು ಮಂಜು ಅಂತ ಗೊತ್ತಾದ್ರೆ ಆ ಮೆರಿದಾದವಳು ನನ್ನ ಕಸೂತಿ ಕೊಳ್ತಾಳಾ? ಅಂಚೆಲ್ಲ ಮಗಳು ಹಾಕ್ತಿದ್ಲು, ಹೆಸರು ಮಾತ್ರ ನಂದು. ಫೋಟೊ ನೋಡಿದವರು, ಅಮ್ಮಾ, ಈ ವಾರವೇ ಆಸ್ಪತ್ರೆಗೆ ಬನ್ನಿ ಅಂದ್ರು. ನಾನು ಹೋಗ್ಲಿಲ್ಲ. ಆಮೇಲೆ ಕತ್ತಲಾಯ್ತು. ಊರು ಹನಿ ಅಂತು, ನಾನು ಹೂಂ ಅಂದೆ. ತಪ್ಪು ಸೀಸೆದಾದ್ರೆ ನಂದಲ್ಲ ನೋಡು.”

“ಇಷ್ಟು ದಿನ ಒಂದು ಮಾತು ಹೇಳ್ಲಿಲ್ವಲ್ಲ!”

“ಕೇಳ್ದೋರು ಯಾರು? ಊರಿಗೆ ಒಂದು ಕಥೆ ಬೇಕಿತ್ತು, ಸಿಕ್ತು.”

ಲಿಬ್ರಾದಾಳ ಕೈಯಲ್ಲಿ ಸೂಜಿ ಹಾಗೇ ನಿಂತಿತ್ತು. ಅವಳು ಮೆಲ್ಲಗೆ ಅಂದಳು: “ಆದ್ರೂ ತಂಪು ತಂಪೇ ಅಲ್ವಾ?”

ನೆಲ್ಮಿ ನಗಲಿಲ್ಲ. ಇದೇ ಮಾತಿಗೆ ವೈದ್ಯ ನಕ್ಕಿದ್ದನ್ನು ಅವಳು ಮರೆತಿರಲಿಲ್ಲ. “ಆಯ್ತು ಕೊಮಾದ್ರೆ. ಕಾದ ಕಣ್ಣಿಗೆ ತಂಪು ಬೇಡ. ಗುರುವಾರ ಬೆಳಿಗ್ಗೆ ಎದ್ದವರು ಸೂಜಿ ಮುಟ್ಟಬೇಡಿ, ಒಲೆ ಮುಂದೆ ಕೂರಬೇಡಿ. ಕಣ್ಣು ಕಾಯೋದೇ ಇಲ್ಲ. ಹನಿ ಸೀಸೆನ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಸೋದು ನನ್ನ ಜವಾಬ್ದಾರಿ. ಆಗ ಪಾಸ್ಮೊ ಎಲ್ಲಿಂದ ಬರುತ್ತೆ?”

ಲಿಬ್ರಾದಾ ತಪ್ಪಿಸಿಕೊಳ್ಳಲು ಸಂದು ಹುಡುಕಿದಳು. “ಒಲೆ ಮುಂದೆ ಕೂರದಿದ್ರೆ ರೊಟ್ಟಿ ಯಾರು ಬೇಯಿಸ್ತಾರೆ?”

ಇಬ್ಬರು ಹೆಂಗಸರೂ ತೊಟ್ಟಿಲ ಕಡೆ ತಿರುಗಿದರು. ಗೋಡೆಯಾಚೆ ಎಲ್ವಿಯಾ ಕೂಡ ಅತ್ತಲೇ ಮುಖ ಮಾಡಿದ್ದಳು.

“ನನ್ನನ್ಯಾಕೆ ನೋಡ್ತೀರಿ?” ಎಂದ ಕ್ರೆಸೆನ್ಸಿಯೊ. “ಗಿರಣಿ ಪಕ್ಕದ ಅಂಗಡೀಲಿ ಸಿಗುತ್ತಲ್ಲ, ತರ್ತೀನಿ.”

ಗುರುವಾರ ಶಾಲೆಯ ಕಿಟಕಿಗಳಿಗೆ ಕರಿಯ ಬಟ್ಟೆ ಬಿಗಿದಿದ್ದರು. ಫೋಟೊ ತೆಗೆಯಲು ಬಂದವಳು ಆರಾಸೆಲಿ ಎಂಬ ತರುಣಿ. ನೆಲ್ಮಿ ಅವಳಿಗೆ ಪಾಸ್ಮೊ ವಿಷಯವನ್ನು ಮೊದಲೇ ಹೇಳಿದ್ದಳು. ಆರಾಸೆಲಿ ಮುಖ ಸಿಂಡರಿಸಲಿಲ್ಲ. “ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡ್ಕೊಂಡ್ರೆ ಔಷಧಿಗೆ ಏನೂ ಆಗಲ್ಲ. ನನ್ನ ಅಜ್ಜಿನೂ ಹೀಗೇ ಕೇಳ್ತಿದ್ರು,” ಎಂದಳು.

“ಇತ್ತ ಕೊಡು,” ಎಂದಳು ಜೊತೆಗೆ ಬಂದಿದ್ದ ಎಲ್ವಿಯಾ. ಸೀಸೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಕಾವಿಗೆ ಕುಳಿತ ಕೋಳಿಯಂತೆ ಗಂಭೀರವಾಗಿ ಕುಳಿತಳು. ಕಾವು ಸಾಕೆಂದು ಅವಳು ಒಪ್ಪಿಗೆ ಕೊಟ್ಟ ಮೇಲೆಯೇ ಹನಿ ಲಿಬ್ರಾದಾಳ ಕಣ್ಣಿಗೆ ಇಳಿಯಿತು.

ಕಣ್ಣಿನ ಪಾಪೆ ಅಗಲವಾಗುವವರೆಗೆ ಕಾದರು. ಪಾಪೆ ಎಂದರೆ ಬಾಗಿಲು. ಅದು ತೆರೆದಷ್ಟೂ ಬೆಳಕು ಒಳಗೆ ಹೋಗಿ ಹಿಂದಿನ ಪರದೆಯನ್ನು ತೋರಿಸುತ್ತದೆ. ಕತ್ತಿಯಿಲ್ಲ, ಸೂಜಿಯಿಲ್ಲ, ಬರಿಯ ಬೆಳಕು. ಲಿಬ್ರಾದಾ ಯಂತ್ರದ ಮುಂಚಾಚಿದ ಪಟ್ಟಿಯ ಮೇಲೆ ಗದ್ದವಿಟ್ಟು ಹಸಿರು ಚುಕ್ಕೆಯನ್ನು ದಿಟ್ಟಿಸಿದಳು. ಫಳ್ಳೆಂದು ಬೆಳಕು ಮಿನುಗಿತು.

“ನೋವಾಯ್ತಾ ದೋನ್ಯಾ?”

“ಮಿಂಚು ಬಂತು, ಮಳೆ ಬರ್ಲಿಲ್ಲ. ಇಷ್ಟೇನಾ?”

ಎದುರಿನ ದೊಡ್ಡ ತೆರೆಯ ಮೇಲೆ ಚಿತ್ರ ಮೂಡಿತು. ಹನಿಯಿಂದಾಗಿ ಹತ್ತಿರದ್ದು ಮಬ್ಬಾಗಿದ್ದರೂ, ಎರಡು ಹೆಜ್ಜೆ ಹಿಂದೆ ಸರಿದಾಗ ಲಿಬ್ರಾದಾಳಿಗೆ ಅದು ಕಂಡಿತು.

“ಏನು ಕಾಣುತ್ತೆ? ನಂಗೂ ಹೇಳೇ,” ಎಂದಳು ಎಲ್ವಿಯಾ.

“ಕಿತ್ತಳೆ ಬಣ್ಣದ ದುಂಡು ಬಟ್ಟೆ, ದೋನ್ಯಾ. ಒಂದು ಕಡೆ ಹೊಳೆಯೋ ಬೊಟ್ಟು. ಅಲ್ಲಿಂದ ಕೆಂಪು ದಾರ ಕವಲು ಕವಲಾಗಿ ಹೋಗಿದೆ. ಎಷ್ಟು ಚೆಂದ! ಇಂಥ ಎಳೆ ನಾನೂ ಹಾಕಿಲ್ಲ…” ಅವಳ ಮಾತು ಅಲ್ಲೇ ನಿಂತಿತು.

“ಮತ್ತೆ?”

“ಗಂಟು. ಅಲ್ಲಲ್ಲಿ ಕೆಂಪು ಗಂಟು ಬಿದ್ದಿದೆ. ಪಕ್ಕದಲ್ಲಿ ಹಳದಿ ಕಲೆ.”

ಜೀವಮಾನವಿಡೀ ಬಟ್ಟೆಯ ಹಿಂಬದಿಯನ್ನು ನೋಡಿದವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಆರಾಸೆಲಿ ಬೆರಳಿಟ್ಟು ತೋರಿಸಿದಳು. “ರಕ್ತನಾಳ ಸೋರ್ತಿದೆ. ಇದು ನಡುಭಾಗ, ನೀವು ಎಳೆ ಎಣಿಸೋದು ಇದರಿಂದಲೇ. ಸೋರೋದು ಇದರ ಅಂಚಿಗೆ ಬಂದಿದೆ. ಮುಂದಿನ ವಾರ ನಮ್ಮ ಕಣ್ಣಿನ ಡಾಕ್ಟರ್ ಹತ್ರ ಬರ್ಲೇಬೇಕು.”

“ಆದ್ರೆ ನಂಗೆ ಚೆನ್ನಾಗಿ ಕಾಣುತ್ತಲ್ಲಮ್ಮ!”

“ಅದೇ ನಿಮ್ಮ ಪುಣ್ಯ. ಕಾಣ್ತಿರೋವಾಗ್ಲೇ ಬಂದಿದೀರಿ.”

ಎಲ್ವಿಯಾ ಕೈಚಾಚಿ ಲಿಬ್ರಾದಾಳ ತೋಳನ್ನು ಹುಡುಕಿ ಹಿಡಿದಳು.

“ಹೋಗ್ತೀಯಾ?”

“ಹೋಗ್ತೀನಿ.”

“ಜೋರಾಗಿ ಹೇಳು. ನಾನೂ ಹಿಂಗೇ ಮೆಲ್ಲಗೆ ಹೇಳಿದ್ದೆ.”

“ಹೋಗ್ತೀನಿ ಅಂದೆನಲ್ಲ, ದೋನ್ಯಾ!” ಲಿಬ್ರಾದಾ ಕೂಗಿದ್ದಕ್ಕೆ ಹೊರಗೆ ರೊಟ್ಟಿಯ ಗಂಟು ಹಿಡಿದು ನಿಂತಿದ್ದ ಕ್ರೆಸೆನ್ಸಿಯೊ ಒಳಗೆ ಓಡಿಬಂದ.

ಅವಳು ಹೋದಳು. ಆಸ್ಪತ್ರೆಯಲ್ಲಿ ಇನ್ನೊಂದು ಬೆಳಕಿನ ಯಂತ್ರವಿತ್ತು. ಒಳಗೆ ಬಿಟ್ಟ ಬೆಳಕು ಪರದೆಯ ಪದರ ಪದರಕ್ಕೂ ತಾಗಿ ಹಿಂದಿರುಗಿ, ಎಲ್ಲಿ ಊತವಿದೆ ಎಲ್ಲಿಲ್ಲ ಎಂಬುದನ್ನು ಈರುಳ್ಳಿ ಸೀಳಿ ತೋರಿಸಿದಂತೆ ತೋರಿಸಿತು. ನಡುಭಾಗ ಇನ್ನೂ ಊದಿರಲಿಲ್ಲ. ಸೋರುತ್ತಿದ್ದ ನಾಳಗಳನ್ನು ವೈದ್ಯೆ ಲೇಸರ್ ಬೆಳಕಿನಿಂದಲೇ ಮುಚ್ಚಿದಳು. “ಹೋದ ದೃಷ್ಟಿನ ಮರಳಿ ತಂದುಕೊಡೋ ಶಕ್ತಿ ನನಗಿಲ್ಲ. ಇರೋದನ್ನ ಕಾಪಾಡಬಲ್ಲೆ, ಅದೂ ನೀವು ಸಕ್ಕರೆನ ಹದ್ದುಬಸ್ತಿನಲ್ಲಿಟ್ರೆ ಮಾತ್ರ,” ಎಂದು ನೇರವಾಗಿ ಹೇಳಿದಳು. ಅಂದಿನಿಂದ ಆ ಮನೆಯೊಳಗೆ ಸಿಹಿ ಸೋಡಾದ ಸೀಸೆ ಬರುವುದು ನಿಂತಿತು. “ಕಾಯಿಲೆ ಅವಳದು, ಶಿಕ್ಷೆ ನಂದು,” ಎಂದು ಕ್ರೆಸೆನ್ಸಿಯೊ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದ. ಆದರೆ ಅವನೂ ರಕ್ತ ಪರೀಕ್ಷೆ ಮಾಡಿಸಿಕೊಂಡ.

ಮತ್ತೊಮ್ಮೆ ಚಿತ್ರ ತೆಗೆದಾಗ ಹೊಸ ಗಂಟು ಒಂದೂ ಇರಲಿಲ್ಲ. ಲಿಬ್ರಾದಾ ಇಂದಿಗೂ ಎಳೆ ಎಣಿಸುತ್ತಿದ್ದಾಳೆ. ಅವಳಿಗಿಂತ ಹೆಚ್ಚಿಗೆ ಮಾತಾಡುವವಳು ಎಲ್ವಿಯಾ. ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆಯಿದ್ದರೂ ಮಗಳ ಕೈ ಹಿಡಿದು ಹೋಗಿ, “ಹನಿ ನನ್ನ ಕಣ್ಣು ತೆಗೀಲಿಲ್ಲ, ನಾನು ಮುಚ್ಚಿಟ್ಟಿದ್ದು ತೆಗೀತು” ಎಂದು ಗದರುತ್ತಾಳೆ. ಅವಳು ಗದರಿದ ಮೇಲೆ ಮನೆಯಲ್ಲಿ ಉಳಿಯುವ ಧೈರ್ಯ ಚುನ್‌ಬೆಕ್‌ನಲ್ಲಿ ಯಾರಿಗೂ ಇಲ್ಲ.

ಓದುಗರೇ, ಇಷ್ಟನ್ನು ಓದಿ ತಲೆದೂಗಿ ಸುಮ್ಮನಾಗಬೇಡಿ. ತಲೆದೂಗುವುದರಿಂದ ಯಾರ ಕಣ್ಣೂ ಉಳಿದಿಲ್ಲ. ನಿಮಗೆ ಸಕ್ಕರೆ ಕಾಯಿಲೆಯಿದ್ದರೆ ವರ್ಷಕ್ಕೊಮ್ಮೆಯಾದರೂ ಕಣ್ಣಿನ ಒಳಗಿನ ಚಿತ್ರ ತೆಗೆಸಿಕೊಳ್ಳಿ. ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಬ್ಬಾಗಿರುತ್ತದೆ, ಬಿಸಿಲು ಚುಚ್ಚುತ್ತದೆ. ಅದು ತಾನಾಗಿ ಇಳಿಯುತ್ತದೆ. ಅಂದು ವಾಹನ ಓಡಿಸಬೇಡಿ, ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ. ಆಸ್ಪತ್ರೆಗೆ ಬನ್ನಿ ಎಂದರೆ ನಾಳೆಗೆ ಮುಂದೂಡಬೇಡಿ. ಭಯವಿದ್ದರೆ ಬಚ್ಚಿಡಬೇಡಿ, ಬಾಯಿಬಿಟ್ಟು ಹೇಳಿ. ಕೇಳುವ ಜಾಗದಲ್ಲಿ ಕುಳಿತವರೇ, ನೀವು ದಯವಿಟ್ಟು ನಗಬೇಡಿ. ನಿಮಗೆ ಆ ಕಾಯಿಲೆ ಇಲ್ಲವೆಂದರೂ ಕೈಕಟ್ಟಿ ಕೂರುವ ಹಕ್ಕು ನಿಮಗಿಲ್ಲ. ನೆರೆಮನೆಯ ಬಾಗಿಲು ತಟ್ಟಿ, “ನಿನ್ನ ಕಣ್ಣಿನ ಹಿಂಬದಿ ಯಾವಾಗ ತೋರಿಸಿದ್ದೆ?” ಎಂದು ಇಂದೇ ಕೇಳಿ. ಉತ್ತರ ಬರದಿದ್ದರೆ, ಅವರ ಕೈ ಹಿಡಿದುಕೊಂಡು ನೀವೇ ಹೊರಡಿ.