ಹಸಿರು ಬಟ್ಟೆಯ ಗಾಡಿ

ಜಬೀನ್ ಮಾತಿಲ್ಲದೆ ಹಸಿರು ಬಟ್ಟೆಗೆ ಗಂಟು ಹಾಕುತ್ತಿದ್ದಳು. ಒಂದು ಗಂಟು, ಅದರ ಮೇಲೆ ಇನ್ನೊಂದು. ಎಳೆದು ನೋಡಿ ಮತ್ತೆ ಬಿಗಿ ಮಾಡಿದಳು. ಯಮನೂರಪ್ಪನ ಹಳೇ ಬೈಕ್ ಗಾಡಿಗೆ ಕನ್ನಡಿಗಳು ಎಂದೋ ಹೋಗಿದ್ದವು, ಹಾಗಾಗಿ ಬಟ್ಟೆಯನ್ನು ಮುಂದಿನ ಗಾರ್ಡಿನ ಕಬ್ಬಿಣಕ್ಕೇ ಕಟ್ಟಬೇಕಿತ್ತು. ರಾತ್ರಿ ಸುರಿದ ಮಳೆ ರಾಯಚೂರಿನ ಆ ಓಣಿಯ ತಗಡುಗಳಿಂದ ಇನ್ನೂ ತೊಟ್ಟಿಕ್ಕುತ್ತಿತ್ತು.

ಬಟ್ಟೆ ದರ್ಗಾದ ಚಾದರದ ತುಂಡು. ವರ್ಷಕ್ಕೊಮ್ಮೆ, ಮುಂಗಾರಿನ ಮಿರಗದ ಮಳೆ ಹಿಡಿದ ಮೇಲೆ, ಅಣ್ಣ ರಿಹಾನ್ ಮತ್ತು ಅವನ ಗೆಳೆಯರು ಏಳೆಂಟು ಗಾಡಿ ಕಟ್ಟಿಕೊಂಡು ದೇವದುರ್ಗ, ಮಾನ್ವಿ ಸುತ್ತಿ ಬರುತ್ತಿದ್ದರು. ಅವರದೊಂದು ಕಟ್ಟುಪಾಡು. ಟೈರ್ ಅಂಗಡಿಯ ಮುಷರ್ರಫ್ ಯಾವಾಗಲೂ ಮುಂದೆ. ಹೊರಳುವ ಕಡೆಯೆಲ್ಲ ಎರಡನೆಯವನು ನಿಂತು ಕೈ ತೋರಿಸಬೇಕು, ಹಸಿರು ಬಟ್ಟೆಯ ಗಾಡಿ ದಾಟುವವರೆಗೆ ಅಲ್ಲಿಂದ ಕದಲಬಾರದು. ಯಾಕೆಂದರೆ ಹಸಿರು ಬಟ್ಟೆ ಕಟ್ಟಿದ್ದೇ ಕಡೆಯ ಗಾಡಿ. ಎಲ್ಲಿ ಯಾರೂ ನಿಂತಿಲ್ಲವೋ ಅಲ್ಲಿ ನೆಟ್ಟಗೆ ಹೋಗಬೇಕು.

ಕಡೆಯ ಜಾಗ ಯಮನೂರಪ್ಪನದು. ಯರಗೇರಾದ ಕುರಿ ವ್ಯಾಪಾರಿ, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ. ಕಾಕಾನ ಗಾಡಿಗಿಂತ ಕುರಿ ಜೋರು ಓಡತಾವೆಂದು ಹುಡುಗರು ಕಾಡಿದರೆ ಅವನು ಮೀಸೆಯಲ್ಲೇ ನಗುತ್ತಿದ್ದ.

"ಕುರಿ ಮುಂದನ ಹೋಗಬೇಕಲೇ," ಎಂದ ಅವತ್ತೂ. "ಕಾಯಾವ ಹಿಂದಿರಬೇಕು."

ಹೊರಡುವ ಮುಂಚೆ ಬಗ್ಗಿ, ಬಟ್ಟೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ಜಬೀನ್ ಈ ಗುಂಪಿನವಳಲ್ಲ. ಮಾನ್ವಿಯಲ್ಲಿ ಚಿಕ್ಕಮ್ಮ ರಂಜಾನಬಿ ಖಾಲಾನ ಮನೆಗೆ ಅವಳನ್ನು ಬಿಡಬೇಕಿತ್ತು, ಅದಕ್ಕೆ ರಿಹಾನ್ ಹಿಂದೆ ಕೂರಿಸಿಕೊಂಡಿದ್ದ. ಗಂಡಸರ ನಡುವೆ ಅವಳ ಬಾಯಿ ತೆರೆಯುತ್ತಿರಲಿಲ್ಲ. ಕಣ್ಣು ಮಾತ್ರ ಎಲ್ಲ ಕಡೆ ಇತ್ತು.

ಗಬ್ಬೂರು ದಾಟುವಾಗ ಬಿಸಿಲು, ಮುಂದೆ ಒಂದು ಹರದಾರಿ ಹೋಗುವುದರೊಳಗೆ ಹನಿ, ಮತ್ತೆ ಬಿಸಿಲು. ಮುಗಿಲಿನ ಮನಸ್ಸು ಮುಗಿಲಿಗೇ ಗೊತ್ತಿರಲಿಲ್ಲ. ದೇವದುರ್ಗದ ಖಾನಾವಳಿಯಲ್ಲಿ ರೊಟ್ಟಿ ಮುರಿಯುವ ಹೊತ್ತಿಗೆ ಪಡುವಣದ ಕಡೆ ಕಾಡಿಗೆ ಬಳಿದಂತಾಗಿತ್ತು. ಖಾನಾವಳಿಯವನು ನೀರು ಹಾಕುತ್ತ, ಊರು ದಾಟಿದ ಮೇಲೆ ದಾರಿ ಒಡೆಯುವ ಕಡೆ ನೆಟ್ಟಗೆ ಹೋಗಬೇಡಿ ಎಂದ. ಮೇಲಿನ ಊರುಗಳಲ್ಲಿ ಮಳೆ ಬಿದ್ದಿದೆಯಂತೆ, ಹಳ್ಳ ಬಂದರೆ ಅಲ್ಲಿಯ ತಗ್ಗು ಸೇತುವೆ ಕಾಣುವುದೇ ಇಲ್ಲ. ಸುತ್ತಾದರೂ ಎಡಕ್ಕೆ ಹೊರಳುವುದೇ ಪಾಡು. ಮುಷರ್ರಫ್ ತಲೆಯಾಡಿಸಿದ. ಎರಡನೇ ಗಾಡಿಯ ಸಿದ್ರಾಮ ತಾನು ಅಲ್ಲಿ ನಿಲ್ಲುತ್ತೇನೆಂದ. ಯಮನೂರಪ್ಪ ಆಗ ಹೊರಗೆ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅವನಿಗೆ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಸಿದ್ರಾಮ ನಿಂತಿರುತ್ತಾನಲ್ಲ.

ಜಬೀನ್ ಕೈ ತೊಳೆದು ಹೊರಗೆ ಬಂದಾಗ ಯಮನೂರಪ್ಪ ತನ್ನ ಫೋನನ್ನು ಅವಳ ಕೈಗಿಟ್ಟ. "ಯವ್ವಾ, ನಿನ್ನ ಚೀಲದಾಗ ಇಟ್ಕೋ. ನನ್ನ ಕಿಸೆ ತೊಯ್ದ್ರ ಇದೂ ಹೋಗತದ." ಅವಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಟ್ಟುಕೊಂಡಳು. ಅವನು ಕೈಗೆ ಹತ್ತಿದ ಎಣ್ಣೆ ತೊಳೆಯಲು ನಳದ ಕಡೆ ಹೋದ.

ಆಗಲೇ ರಿಹಾನ್ ಆ ಬಟ್ಟೆಯನ್ನು ನೋಡಿದ್ದು. ಗಾಲಿಯ ಎರಚಲಿಗೆ ಅದು ಹಸಿರೋ ಕಪ್ಪೋ ತಿಳಿಯದಂತೆ ರಾಡಿಯಾಗಿತ್ತು. ದರ್ಗಾದ ಚಾದರ ಕಾಲಬುಡದ ಕೆಸರಿನಲ್ಲಿ! ಅವನು ತೌಬಾ ತೌಬಾ ಎನ್ನುತ್ತ ಗಂಟು ಬಿಚ್ಚಿದ, ಕುಡಿಯುವ ನೀರಿನಲ್ಲೇ ತೊಳೆದ, ಹಿಂಡಿದ, ಆರಲೆಂದು ತನ್ನ ಗಾಡಿಯ ಕನ್ನಡಿಗೆ ಎತ್ತರದಲ್ಲಿ ಕಟ್ಟಿದ. ಆರಿದ ಮೇಲೆ ಮರಳಿ ಕಟ್ಟುವ ವಿಚಾರವಿತ್ತೇನೋ. ಅಷ್ಟರಲ್ಲಿ ಗುಡುಗಿತು. ಮುಷರ್ರಫ್ ನಡೀರಿ ನಡೀರಿ ಎಂದು ಕೂಗಿದ, ಗಾಡಿಗಳೆಲ್ಲ ಒಮ್ಮೆಲೇ ಗುರ್ರೆಂದವು. ನಳದಿಂದ ಓಡಿಬಂದ ಯಮನೂರಪ್ಪ ಗಾರ್ಡಿನ ಕಡೆ ನೋಡದೆಯೇ ಗಾಡಿ ಹತ್ತಿದ.

ಜಬೀನ್ ಕನ್ನಡಿಯ ಕಡೆ ನೋಡಿದಳು. ಹೇಳಲೇ ಎಂದುಕೊಂಡಳು. ಅಣ್ಣ ಹೆಲ್ಮೆಟ್ ಹಾಕಿಯಾಗಿತ್ತು. ಅವರ ಕಟ್ಟುಪಾಡು, ಅವರಿಗೆ ಗೊತ್ತಿರದೆ ಇರುತ್ತದೆಯೇ ಎಂದು ಸುಮ್ಮನೆ ಹತ್ತಿ ಕುಳಿತಳು.

ಊರು ದಾಟುತ್ತಲೇ ಮಳೆ ಅಡ್ಡಡ್ಡ ಹೊಡೆಯತೊಡಗಿತು. ಹಗಲಲ್ಲೇ ದೀಪ ಹಚ್ಚಬೇಕಾಯಿತು. ದಾರಿ ಒಡೆಯುವ ಕಡೆ ಸಿದ್ರಾಮ ರೇನ್‌ಕೋಟಿನೊಳಗೆ ಮುದುಡಿ ಎಡಗೈ ಚಾಚಿ ನಿಂತಿದ್ದ. ನಾಲ್ಕೈದು ಗಾಡಿಗಳು ಒಂದಕ್ಕೊಂದು ಹತ್ತಿಕೊಂಡು ಹೊರಳಿದವು, ಅವುಗಳಲ್ಲಿ ಕಡೆಯದು ರಿಹಾನನದು. ಯಮನೂರಪ್ಪ ಇನ್ನೂ ಹಿಂದೆಲ್ಲೋ ಉಳಿದಿದ್ದ. ಸಿದ್ರಾಮನ ಕಣ್ಣು ಕನ್ನಡಿಯ ಹಸಿರಿನ ಮೇಲೆ ಬಿದ್ದದ್ದನ್ನು ಜಬೀನ್ ಕಂಡಳು. ಅವನು ಚಾಚಿದ ಕೈ ಇಳಿಸಿದ, ಗಾಡಿಗೆ ಕಿಕ್ ಹೊಡೆದ, ಅವರ ಹಿಂದೆಯೇ ಬಂದುಬಿಟ್ಟ.

ಜಬೀನ್ ಹೊರಳಿ ನೋಡಿದಳು. ದಾರಿ ಒಡೆಯುವ ಕಡೆ ಈಗ ಯಾರೂ ಇರಲಿಲ್ಲ, ಬರೀ ಮಳೆಯ ಪರದೆ. ಅಣ್ಣನ ಭುಜ ತಟ್ಟಿದಳು. ಅವಳಿಗೆ ಚಳಿಯಾಗಿದೆ ಎಂದು ತಿಳಿದ ಅವನು, ಇನ್ನೇನು ಬಂತು, ಗಟ್ಟಿ ಹಿಡಿದುಕೋ ಎಂದ. ಮತ್ತೆ ತಟ್ಟಿದಳು, ಕಿವಿಯ ಹತ್ತಿರ ಬಾಗಿ ಕಾಕಾ ಎಂದಳು. ಅವಳ ದನಿ ಅವಳಿಗೇ ಕೇಳಲಿಲ್ಲ. ರಿಹಾನ್ ಇನ್ನಷ್ಟು ಜೋರು ಮಾಡಿದ.

ಮಾನ್ವಿ ಊರ ಹೊರಗಿನ ಚಹಾದಂಗಡಿಯ ತಗಡಿನ ಕೆಳಗೆ ಎಲ್ಲರೂ ನಿಂತರು. ತೊಯ್ದು ತೊಪ್ಪೆಯಾದ ಮೈ, ಕೈಯಲ್ಲಿ ಬಿಸಿ ಚಹಾ, ಮೊದಮೊದಲು ನಗೆಯೋ ನಗೆ. ಕಾಕಾ ದಾರಿಯಲ್ಲಿ ಯಾವುದೋ ಕುರಿಗೆ ರೇಟು ಕೇಳುತ್ತಿರಬೇಕೆಂದು ಒಬ್ಬ, ಮಿರ್ಚಿ ಭಜಿ ಕಂಡು ನಿಂತಿರಬೇಕೆಂದು ಇನ್ನೊಬ್ಬ. ಎರಡನೇ ಚಹಾದ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

ಬಟ್ಟೆ ದಾಟಿದ ಮೇಲೇ ಹೊರಟೆಯಾ ಎಂದು ಮುಷರ್ರಫ್ ಸಿದ್ರಾಮನನ್ನು ಕೇಳಿದ.

"ದೇವ್ರಾಣಿ ಹಸಿರು ನೋಡೀನಿ ನಾ," ಎಂದ ಸಿದ್ರಾಮ. "ಮಳ್ಯಾಗ ಗಾಡಿ ಯಾರದಂತ ನೋಡಲಿಲ್ಲ. ಬಟ್ಟಿ ನೋಡಿದೆ, ಬಂದೆ."

ಎಲ್ಲರೂ ಸಿದ್ರಾಮನನ್ನೇ ನೋಡುತ್ತಿದ್ದರು. ರಿಹಾನ್ ಮೆಲ್ಲಗೆ ತನ್ನ ಗಾಡಿಯ ಕಡೆ ಸರಿದ. ಅವರಿಗೆ ಬೆನ್ನು ಮಾಡಿ ನಿಂತ. ಕನ್ನಡಿಯ ಗಂಟು ಬಿಚ್ಚಿಕೊಂಡು ಬಟ್ಟೆಯನ್ನು ಕಿಸೆಗೆ ತುರುಕಿದ. ತಿರುಗಿದಾಗ ಜಬೀನಳ ಕಣ್ಣು ಎದುರಾಯಿತು. ಅವನು ಮುಖ ಕೆಳಗೆ ಹಾಕಿದ.

ಸಿದ್ರಾಮ ಯಮನೂರಪ್ಪನಿಗೆ ಫೋನು ಹಚ್ಚಿದ. ಅದು ಜಬೀನಳ ಚೀಲದಲ್ಲಿ ಬಡಿದುಕೊಂಡಿತು. ಅವಳು ತೆಗೆದು ಅಂಗೈ ಮೇಲಿಟ್ಟುಕೊಂಡಳು. ನಿಲ್ಲುವವರೆಗೂ ಎಲ್ಲರೂ ಅದನ್ನೇ ನೋಡಿದರು.

ದೇವದುರ್ಗದ ಕಡೆಯಿಂದ ಬಂದ ಟಂಟಂ ಆಟೋದವನು ಚಹಾಕ್ಕೆ ಇಳಿದ. ನೆಟ್ಟಗಿನ ದಾರಿ ಬಂದ್ ಆಗಿದೆಯಂತೆ, ಹಳ್ಳ ಸೇತುವೆಯ ಮೇಲೆ ಎದೆಮಟ್ಟ ಹರಿಯುತ್ತಿದೆಯಂತೆ, ಜನರ ಬಾಯಲ್ಲಿ ಕೇಳಿದೆ ಎಂದ. ಯಾರಾದರೂ ಸಿಕ್ಕಿಕೊಂಡಿದ್ದಾರೆಯೇ ಎಂದರೆ, ಕಂಡವರಿಲ್ಲ ಎಂದ.

ಯಾರೂ ನಿಂತಿರದ ಕಡೆ ನೆಟ್ಟಗೆ. ಅಲ್ಲಿದ್ದ ಪ್ರತಿಯೊಬ್ಬನಿಗೂ ಅದು ನೆನಪಾದದ್ದು ಅವರ ಮುಖದ ಮೇಲೇ ಇತ್ತು. ಮುಷರ್ರಫ್ ಮುಗಿಲು ನೋಡಿದ. ಮಳೆ ನಿಲ್ಲಲಿ, ಈಗ ಹೋದರೆ ನಾವೂ ಸಿಕ್ಕಿಬೀಳುತ್ತೇವೆ ಎಂದ. ನಿಯತ್ತಿಲ್ಲದವನನ್ನು ದಾರಿ ಕಾಯಲು ಹಚ್ಚಿದ್ದೇ ತಪ್ಪು ಎಂದೂ ಅಂದ. ಸಿದ್ರಾಮ ಕುಂತಲ್ಲೇ ಕುಗ್ಗಿದ.

ಇಷ್ಟು ಗಂಡಸರ ನಡುವೆ ಜಬೀನ್ ಎಂದೂ ಮಾತಾಡಿದವಳಲ್ಲ.

"ಸಿದ್ರಾಮಣ್ಣಂದು ತಪ್ಪಿಲ್ರಿ," ಎಂದಳು. "ಬಟ್ಟಿ ನಮ್ಮ ಗಾಡಿ ಮ್ಯಾಲೆ ಇತ್ತು. ಈಗ ನಮ್ಮಣ್ಣನ ಕಿಸೇದಾಗ ಅದ. ನಾನೂ ನೋಡಿ ಸುಮ್ಮನಿದ್ದೆ."

ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ರಿಹಾನನ ಕೈ ಕಿಸೆಯ ಮೇಲೇ ಉಳಿದಿತ್ತು. ಸಿದ್ರಾಮ ತಲೆಯೆತ್ತಿ ಅವನನ್ನು ನೋಡಿದ. ಜಬೀನ್ ಯಮನೂರಪ್ಪನ ಫೋನನ್ನು ಮತ್ತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದಳು, ಚೀಲ ಹೆಗಲಿಗೇರಿಸಿ ಮಳೆಗಿಳಿದಳು, ಅಣ್ಣನ ಗಾಡಿಯ ಹಿಂದಿನ ಸೀಟು ಹಿಡಿದು ನಿಂತಳು.

"ನನಗ ಗಾಡಿ ಹೊಡ್ಯಾಕ ಬರಂಗಿಲ್ಲ. ಯಾರರ ಒಬ್ಬರು ನನ್ನ ಜೋಡಿ ಹಳ್ಳದ ತನಕ ಬರ್ರಿ."