ಬಟ್ಟೆಯ ಬೆಂಕಿ

ಅಕ್ಕನ ಕೈಯಲ್ಲಿ ಹತ್ತು ಬೆರಳು, ಹದಿನಾಲ್ಕು ಸೀಳು. ನಾನೇ ಎಣಿಸಿದ್ದೇನೆ. ಹೆಬ್ಬೆರಳಿನ ಬುಡದ್ದು ಎಲ್ಲಕ್ಕಿಂತ ಆಳ. ಅದರೊಳಗೆ ಸೋಪಿನ ನೀರು ಹೋದರೆ ಅವಳು ಹಲ್ಲು ಕಚ್ಚುತ್ತಾಳೆ, ಬಾಯಿ ಬಿಡುವುದಿಲ್ಲ. ಮನೆಗೆ ಬಂದ ಮೇಲೆ ಮೇಣದಬತ್ತಿ ಕರಗಿಸಿ ಸೀಳುಗಳಿಗೆ ತುಂಬಿಕೊಳ್ಳುತ್ತಾಳೆ. ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತಿದ ಹಾಗೆ. ಮಾರನೇ ದಿನ ಬಿಸಿನೀರಿನ ತೊಟ್ಟಿಗೆ ಕೈ ಇಟ್ಟ ಕೂಡಲೇ ಆ ಮೇಣ ಚೂರುಚೂರಾಗಿ ಮೇಲೆ ತೇಲುತ್ತದೆ.

ನಾನು, ಅಕ್ಕ ಇಬ್ಬರೂ ಪಾತ್ರೆ ತೊಳೆಯುವವರು. ನಾವಿರುವ ರೆಸ್ಟೋರೆಂಟ್ ಹೊರಗಿನಿಂದ ಊಟದ ಜಾಗದ ಹಾಗೆ ಕಾಣುವುದಿಲ್ಲ, ಚಿನ್ನದ ಅಂಗಡಿಯ ಹಾಗೆ ಕಾಣುತ್ತದೆ. ತಟ್ಟೆ ಒಂದೊಂದೂ ಮೊರದಷ್ಟು ಅಗಲ. ಅದರ ನಡುವೆ ಗುಬ್ಬಿ ಕುಕ್ಕಿ ಬಿಟ್ಟಷ್ಟು ಊಟ. ತಿನ್ನುವುದು ಅಂಗೈಯಗಲ, ತೊಳೆಯುವುದು ಮಾತ್ರ ಪೂರಾ ತಟ್ಟೆ.

ಭಾನುವಾರ ಬ್ರಂಚ್. ಅದು ತಿಂಡಿಯೂ ಅಲ್ಲ, ಊಟವೂ ಅಲ್ಲ. ಹನ್ನೊಂದಕ್ಕೆ ಬಂದು ಕೂತವರು ಮೂರರ ತನಕ ಮೇಯುತ್ತಲೇ ಇರುತ್ತಾರೆ. ಆ ದಿನ ನಮಗೂ ತಿಂಡಿ ಇಲ್ಲ, ಊಟವೂ ಇಲ್ಲ. ಹಾಗೆ ನೋಡಿದರೆ ನಮ್ಮದೂ ಬ್ರಂಚೇ.

ಅಕ್ಕನಿಗೆ ಇನ್ನೊಂದು ಕೆಲಸವೂ ಇತ್ತು. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ವರ್ಷದ ಕೆಳಗೆ ಮಾಲೀಕ ಒಂದು ದಿನ ಅಡಿಗೆಮನೆಯ ಹಿಂದೆ ಬಂದ. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಬಂದ. ತೊಟ್ಟಿಯ ಹತ್ತಿರ ಅಕ್ಕನನ್ನು ನೋಡಿ ನಿಂತ. ಬಿಳಿ ತಲೆ, ಸುಕ್ಕು ಮುಖ, ನಕ್ಕರೆ ಗಲ್ಲದಲ್ಲಿ ಗುಳಿ.

"ಈ ಮುಖ ಹಿಂದೆ ಯಾಕಿದೆ? ಮುಂದೆ ತನ್ನಿ" ಅಂದ. ಕುರ್ಚಿ ಸರಿಸಿ ಅನ್ನುವ ಹಾಗೆ.

ಊಟದ ಹಾಲಿನ ಮೂಲೆಯಲ್ಲಿ ಗಾಜಿನ ಕೋಣೆ ಕಟ್ಟಿದರು. ಒಳಗೆ ಮರದ ಹಲಗೆ, ಹಿಟ್ಟಿನ ಮಡಕೆ, ಇಟ್ಟಿಗೆಯ ಒಲೆ. ಒಲೆಯೊಳಗೆ ಬೆಂಕಿ ಇಲ್ಲ. ಕೆಂಪು ಬಲ್ಬು, ಅದರ ಮುಂದೆ ರೇಷ್ಮೆ ಬಟ್ಟೆಯ ಚೂರು, ಕೆಳಗೆ ಪುಟ್ಟ ಫ್ಯಾನು. ಪ್ಲಗ್ ಹಾಕಿದರೆ ಬಟ್ಟೆ ಹಾರಾಡುತ್ತದೆ. ದೂರದಿಂದ ನೋಡಿದವರು ಒಲೆ ಉರಿಯುತ್ತಿದೆ ಅಂತ ಕೈ ಕಾಯಿಸಿಕೊಳ್ಳಬೇಕು, ಹಾಗೆ.

ಭಾನುವಾರದ ಬ್ರಂಚಿಗೆ ಮತ್ತು ದಿನಾ ಸಂಜೆ ಡಿನ್ನರಿಗೆ ಅಕ್ಕ ಬಿಳಿ ಏಪ್ರನ್ ಕಟ್ಟಿಕೊಂಡು ಅಲ್ಲಿ ಕೂತು ಹಿಟ್ಟು ನಾದಬೇಕು. ಉಳಿದ ಹೊತ್ತು ತೊಟ್ಟಿ. ಮೆನುವಿನಲ್ಲಿ ಅವಳ ಹೆಸರು 'ಅಜ್ಜಿ'. ಅವಳ ಬ್ರೆಡ್ಡು 'ಅಜ್ಜಿಯ ಕೈ ಬ್ರೆಡ್ಡು'.

"ನೋಡೋ ತಮ್ಮಾ, ಒಂದೂ ಹೆರದೇ ಅಜ್ಜಿ ಆಗ್ಬಿಟ್ಟೆ" ಅಂತ ಅಕ್ಕ ನಕ್ಕಳು.

ಅವಳಿಗೆ ನಿಜಕ್ಕೂ ಖುಷಿಯಾಗಿತ್ತು. ಯಾಕೆಂದರೆ ಅಕ್ಕ ಇಪ್ಪತ್ತೆರಡು ವರ್ಷ ಗಿರಣಿಯ ಕ್ಯಾಂಟೀನಿನಲ್ಲಿ ಬ್ರೆಡ್ಡು ಸುಟ್ಟವಳು. ಮೂರು ಪಾಳಿಯ ಜನ ಅವಳ ಕೈಯ ಬ್ರೆಡ್ಡು ತಿಂದು ಯಂತ್ರ ತಿರುಗಿಸಿದ್ದಾರೆ. ಗಿರಣಿ ಮುಚ್ಚಿದ ಮೇಲೇ ಅವಳು ತೊಟ್ಟಿಗೆ ಬಂದದ್ದು. ಮತ್ತೆ ಹಿಟ್ಟು ಮುಟ್ಟುತ್ತೇನೆ ಅಂತ ಮೊದಲ ದಿನ ನಸುಕಿಗೇ ಎದ್ದು ತಲೆಗೆ ಸ್ನಾನ ಮಾಡಿಕೊಂಡು ಹೋದಳು. ಕೈ ಅಭ್ಯಾಸದಂತೆ ಹಿಟ್ಟಿಗೆ ಈಸ್ಟ್ ಹಾಕಿದಳು. ಬ್ರಂಚಿನ ಹೊತ್ತಿಗೆ ಹಿಟ್ಟು ಉಬ್ಬಿತು. ಉಬ್ಬಿ ಉಬ್ಬಿ ಹಲಗೆ ದಾಟಿ ಅವಳ ಮಡಿಲಿಗೆ ಬಂತು. ಊಟಕ್ಕೆ ಕೂತವರು ಬಿದ್ದುಬಿದ್ದು ನಕ್ಕರು.

ಮ್ಯಾನೇಜರ್ ಓಡಿಬಂದ. ಅವನಿಗೆ ನಾವು ಇಟ್ಟ ಹೆಸರು ಇಸ್ತ್ರಿ. ಬಟ್ಟೆಯಲ್ಲೂ ಮಾತಲ್ಲೂ ಒಂದು ಸುಕ್ಕು ಇರುವುದಿಲ್ಲ.

"ಇದಕ್ಕೆ ಈಸ್ಟ್ ಹಾಕಿದ್ದು ಯಾರು?"

"ನಾನೇ ಸಾರ್. ಹಾಕ್ದೆ ಇದ್ರೆ ಬ್ರೆಡ್ಡು ಹೇಗಾಗತ್ತೆ?"

"ಬ್ರೆಡ್ಡು ಆಗಬಾರದು. ಇದು ನೋಡೋಕೆ. ತಿನ್ನೋ ಬ್ರೆಡ್ಡು ಲಾರೀಲಿ ಬರತ್ತೆ."

ಬರುತ್ತಿತ್ತು. ಕಾರ್ಖಾನೆಯಿಂದ, ಕಲ್ಲಿನ ಹಾಗೆ ಹೆಪ್ಪುಗಟ್ಟಿ, ಪೆಟ್ಟಿಗೆ ತುಂಬ. ಇಲ್ಲಿ ಬಿಸಿ ಮಾಡಿ, ಮೇಲೆ ಒಂದು ಹಿಡಿ ಹಿಟ್ಟು ಉದುರಿಸಿ, ಬುಟ್ಟಿಯಲ್ಲಿಟ್ಟರೆ 'ಅಜ್ಜಿಯ ಕೈ ಬ್ರೆಡ್ಡು'. ಅಕ್ಕನ ಹಿಟ್ಟಿಗೆ ಎಣ್ಣೆ ಸುರಿದು, ಹಿಡಿಗಟ್ಟಲೆ ಉಪ್ಪು ಹಾಕಿಸಿದರು. ಅದು ಉಬ್ಬದು, ಹಳಸದು. ಒಂದೇ ಮುದ್ದೆಯನ್ನು ವಾರಗಟ್ಟಲೆ ನಾದಬೇಕು.

"ಹೆಣಕ್ಕೆ ಎಣ್ಣೆ ನೀವ್ತಿದೀನಿ ಕಣೋ" ಅಂದಳು ಅಕ್ಕ ಆ ದಿನ ಮನೆಯಲ್ಲಿ. ಆಮೇಲೆ ಆ ಮಾತು ಎತ್ತಲಿಲ್ಲ.

ನಮ್ಮಲ್ಲಿ ಬೆಳಿಗ್ಗೆ ಹತ್ತಕ್ಕೆ ಸಾಲು ನಿಲ್ಲುವ ಪದ್ಧತಿ. ಇಸ್ತ್ರಿ ಮೊಬೈಲು ಹಿಡಿದು, ಹಿಂದಿನ ದಿನ ತಿಂದು ಹೋದವರು ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾನೆ. ಗಿರಾಕಿ ಅನ್ನುವುದಿಲ್ಲ, ಅತಿಥಿ ಅನ್ನುತ್ತಾನೆ. ಊಟ ಅನ್ನುವುದಿಲ್ಲ, ಅನುಭವ ಅನ್ನುತ್ತಾನೆ. ಹೊಗಳಿಕೆ ಬಂದರೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ದೂರು ಬಂದರೆ, ಯಾರ ಮೇಲೆ ಬಂತೋ ಅವರು ಒಂದು ಹೆಜ್ಜೆ ಮುಂದೆ ಬಂದು ತಲೆ ತಗ್ಗಿಸಿ ನಿಲ್ಲಬೇಕು. ಸೂಪು ಆರಿತ್ತು ಅಂತ ಒಲೆಯಣ್ಣ ನಿಂತಿದ್ದಾನೆ. ಒಲೆಯಣ್ಣ ಅಂದರೆ ನಮ್ಮ ದೊಡ್ಡ ಅಡಿಗೆಯವನು. ಅತಿಥಿ ಮುಕ್ಕಾಲು ಗಂಟೆ ಸೂಪಿನ ಫೋಟೋ ತೆಗೆದರೆ ಅದು ಆರದೆ ಇನ್ನೇನಾದೀತು? ಹಾಗಂತ ಹೇಳುವ ಹಾಗಿಲ್ಲ. ಸಾಲಿನಲ್ಲಿ ಬಾಯಿ ಇರುವುದು ಇಸ್ತ್ರಿಗೆ ಮಾತ್ರ.

ಒಂದು ಸೋಮವಾರ ಅವನು ಓದಿದ: "ಬ್ರಂಚ್ ಚೆನ್ನಾಗಿತ್ತು. ಕಿತ್ತಳೆ ರಸ ಅದ್ಭುತ. ಆದರೆ ಗಾಜಿನ ಹಿಂದಿನ ಅಜ್ಜಿಯ ಕೈ ನೋಡಿ ಹೊಟ್ಟೆ ತೊಳೆಸಿತು. ಸೀಳು, ಕಪ್ಪು ಉಗುರು. ಆ ಬ್ರೆಡ್ಡು ಮುಟ್ಟಲು ಮನಸ್ಸಾಗಲಿಲ್ಲ. ಎರಡು ನಕ್ಷತ್ರ."

ಬರೆದವಳು ಕೆಂಪು ಕನ್ನಡಕದವಳು. ತಿನ್ನುವುದು, ತಿಂದದ್ದನ್ನು ಬರೆಯುವುದು, ಅದೇ ಅವಳ ಕಸುಬು. ಅವಳು ಎರಡು ನಕ್ಷತ್ರ ಕೊಟ್ಟರೆ ಮಾಲೀಕನಿಗೆ ಜ್ವರ ಬರುತ್ತದೆ.

ಅಕ್ಕ ಒಂದು ಹೆಜ್ಜೆ ಮುಂದೆ ಬಂದು ತಲೆ ತಗ್ಗಿಸಿದಳು. ಕೈ ಏಪ್ರನ್ನಿನೊಳಗೆ ಮುಚ್ಚಿಕೊಂಡಳು.

"ಆ ಕೈ ಒಡೆದದ್ದು ನಿಮ್ಮ ಸೋಪಿನ ಪುಡಿಗೆ" ಅಂದೆ. "ಗ್ಲೌಸ್ ಕೊಡಿ ಅಂತ ಎಷ್ಟು ಸಲ ಕೇಳಿದ್ವಿ?"

"ಸಾಲಿನಲ್ಲಿ ಮಾತಿಲ್ಲ" ಅಂದ ಇಸ್ತ್ರಿ. ಅಕ್ಕನ ಕಡೆ ತಿರುಗಿದ. "ಶುಕ್ರವಾರದಿಂದ ಬೇರೆ ಅಜ್ಜಿ ಬರ್ತಾರೆ. ಜಾಹೀರಾತಲ್ಲಿ ಮಾಡಿದವರು, ಕೈ ಚೆನ್ನಾಗಿದೆ. ನೀನು ಗುರುವಾರಕ್ಕೆ ಬಿಟ್ಬಿಡು."

"ತೊಟ್ಟಿ ಕೆಲಸ ಇದೆಯಲ್ಲ ಸಾರ್?"

"ಅತಿಥಿಗಳಿರೋವಾಗ ನೀನು ಗಾಜಿನ ಕೋಣೇಲಿ ಇರ್ತಿದ್ದೆ. ಇನ್ನು ಟಾಯ್ಲೆಟ್ಟಿಗೆ ಹೋಗೋರಿಗೆಲ್ಲ ತೊಟ್ಟೀಲಿ ಕಾಣ್ತೀಯ. ನಿನ್ನ ಮುಖ ಈಗ ಎಲ್ಲರಿಗೂ ಗೊತ್ತು. ಅಜ್ಜಿ ಪಾತ್ರೆ ತಿಕ್ತಾ ಕೂತ್ರೆ ಚೆನ್ನಾಗಿರತ್ತಾ?"

ಮುಖ ಬೇಕು ಅಂತ ಮುಂದೆ ತಂದರು. ಮುಂದೆ ತಂದದ್ದಕ್ಕೆ ಈಗ ಹಿಂದೆಯೂ ಜಾಗ ಇಲ್ಲ. ಐವತ್ತೆಂಟರ ಹೆಂಗಸಿಗೆ ಇನ್ನು ಯಾವ ತೊಟ್ಟಿ ಕೆಲಸ ಕೊಡುತ್ತದೆ?

ಬುಧವಾರ ಸಂಜೆ ಕೆಂಪು ಕನ್ನಡಕದವಳನ್ನು ಮಾಲೀಕ ಡಿನ್ನರಿಗೆ ಕರೆಸಿದ. ತಪ್ಪೊಪ್ಪಿಗೆಯ ಊಟ. ಸುದ್ದಿ ನಮಗೆ ಬೆಳಿಗ್ಗೆಯೇ ಗೊತ್ತಾಯಿತು. ಮಧ್ಯಾಹ್ನ ಅಕ್ಕ ಒಲೆಯಣ್ಣನ ಹತ್ತಿರ ಹೋದಳು.

"ಅಣ್ಣಾ, ನಿನ್ನ ಓವನ್ನಲ್ಲಿ ಒಂದು ಮೂಲೆ ಕೊಡ್ತೀಯಾ?"

"ಯಾಕಕ್ಕಾ?"

"ಹೋಗೋಕೆ ಮುಂಚೆ ಒಂದು ಬ್ರೆಡ್ಡು ಸುಡ್ತೀನಿ. ನನ್ನ ಕೈ ಬ್ರೆಡ್ಡು."

ಅವನು ಅತ್ತಿತ್ತ ನೋಡಿ, "ಎಡಗಡೆ ಇಡು. ಬಲಗಡೆ ಸ್ವಲ್ಪ ಸೀಯತ್ತೆ" ಅಂದ.

ಎಂಟು ಗಂಟೆಗೆ ಊಟದ ಹಾಲು ಜನರಿಂದ ತುಂಬಿತ್ತು. ಅಕ್ಕ ಗಾಜಿನ ಕೋಣೆಯಿಂದ ಎದ್ದು, ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು ಹಿಡಿದು ಸೀದಾ ಕೆಂಪು ಕನ್ನಡಕದವಳ ಟೇಬಲ್ಲಿಗೆ ನಡೆದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವಳು ಬ್ರೆಡ್ಡು ಇಟ್ಟಳು. ಅದರ ಪಕ್ಕ, ಬಿಳಿ ಬಟ್ಟೆಯ ಮೇಲೆ, ತನ್ನ ಎರಡೂ ಕೈ ಅಗಲಿಸಿ ಇಟ್ಟಳು.

"ನೋಡಿ ತಾಯಿ. ಇದು ನನ್ನ ಕೈ. ನಿಮ್ಮ ತಟ್ಟೆ ತೊಳೆದು ಒಡೆದ ಕೈ. ಇದು ನನ್ನ ಬ್ರೆಡ್ಡು. ಇಷ್ಟು ದಿನ ನೀವು ತಿಂದದ್ದು ಲಾರೀದು. ನಾನು ನಾದಿದ್ದು ಯಾರೂ ತಿಂದಿಲ್ಲ. ಆ ಒಲೇಲಿ ಬೆಂಕೀನೂ ಇಲ್ಲ. ನಾಳೆ ಕಳೆದ್ರೆ ನಾನೂ ಇರಲ್ಲ. ಅಸಹ್ಯ ಅಂತ ಬರೆದ್ರಲ್ಲ, ಒಂದು ತುಂಡು ತಿಂದು ಆಮೇಲೆ ಬರೀರಿ."

ಕೆಂಪು ಕನ್ನಡಕದವಳು ಬ್ರೆಡ್ಡು ಮುಟ್ಟಲಿಲ್ಲ. ಮೊಬೈಲು ಎತ್ತಿ ಅಕ್ಕನ ಕೈಗಳನ್ನು ಹಿಡಿದುಕೊಂಡಳು, ಮೊಬೈಲಿನಲ್ಲಿ. ಇಸ್ತ್ರಿ ಬಂದು ಅಕ್ಕನ ರಟ್ಟೆ ಹಿಡಿದು ಒಳಗೆ ಕರಕೊಂಡು ಬಂದ. ಮುಟ್ಟದ ಬ್ರೆಡ್ಡು ತೊಟ್ಟಿಗೆ ಬಂತು, ಎಂಜಲು ತಟ್ಟೆಗಳ ಜೊತೆ.

ಗುರುವಾರದ ಸಾಲಿಗೆ ಅಕ್ಕ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದಿದ್ದಳು. ಇಸ್ತ್ರಿಯ ಮುಖದಲ್ಲಿ ನಗು ಇತ್ತು. ಓದಿದ:

"ಜನ್ಮದಲ್ಲಿ ಮರೆಯದ ಡಿನ್ನರ್! ಊಟದ ನಡುವೆ ಅಜ್ಜಿ ಗಾಜಿನ ಕೋಣೆಯಿಂದ ಎದ್ದು ಬಂದು ನಮ್ಮ ಟೇಬಲ್ಲಿನ ಮೇಲೆ ಕೈ ಇಡುವ ಆ ದೃಶ್ಯ! ಎಂಥ ನಟನೆ! ಶ್ರಮದ ಬಗ್ಗೆ ಇಷ್ಟು ದಿಟ್ಟ ನಾಟಕ ನೋಡಿ ಕಣ್ಣು ತುಂಬಿತು. ಐದು ನಕ್ಷತ್ರ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಸ್ತ್ರಿ ತಾನೇ ತಟ್ಟಿದ.

"ಅವರು ಹಾಕಿದ ಫೋಟೋ ಲಕ್ಷಾಂತರ ಜನ ನೋಡಿದ್ದಾರೆ. ಇವತ್ತು ಎಲ್ಲ ಟೇಬಲ್ಲೂ ಬುಕ್ ಆಗಿದೆ. ಅಜ್ಜೀ, ನೀನು ಎಲ್ಲೂ ಹೋಗಲ್ಲ. ದಿನಾ ಎಂಟು ಗಂಟೆಗೆ ಸರಿಯಾಗಿ ಹೊರಗೆ ಬಾ. ಅದೇ ಮಾತು ಹೇಳು. ಒಂದಕ್ಷರ ಹೆಚ್ಚೂ ಬೇಡ, ಕಮ್ಮೀನೂ ಬೇಡ. ಮತ್ತೆ, ಕೈಗೆ ಮೇಣ ಗೀಣ ಹಚ್ಚಬೇಡ. ಸೀಳು ಚೆನ್ನಾಗಿ ಕಾಣಬೇಕು."

"ಕೈ ವಾಸಿ ಆದ್ರೆ?" ಅಂತ ಈರುಳ್ಳಿ ಹೆಚ್ಚುವವಳು ಕೇಳಿಯೇಬಿಟ್ಟಳು.

"ತೊಟ್ಟಿ ಇದೆಯಲ್ಲ. ಹೇಗೆ ವಾಸಿ ಆಗತ್ತೆ?"

ಅಕ್ಕ ತಲೆ ತಗ್ಗಿಸಿರಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. "ಬ್ರೆಡ್ಡು ಯಾವುದು ಸಾರ್? ನಾನೇ ಸುಡ್ಲಾ?"

"ಯಾಕೆ ಸುಮ್ನೆ? ಲಾರೀದನ್ನೇ ಹಿಡ್ಕೊಂಡು ಬಾ. ಯಾರು ತಿಂತಾರೆ ಅದನ್ನ?"

ಅಕ್ಕ ತೊಟ್ಟಿಗೆ ಬಂದು ಕೈ ನೋಡಿಕೊಂಡು ನಿಂತಳು.

"ಅಕ್ಕಾ, ಕೆಲಸ ಉಳೀತಲ್ಲ" ಅಂದೆ. ಹೇಳಿದ ಮೇಲೆ ನನ್ನ ನಾಲಿಗೆ ಕಿತ್ತು ಎಸೆಯಬೇಕು ಅನ್ನಿಸಿತು.

"ಉಳಿದದ್ದು ಕೆಲಸ ಅಲ್ಲ ಕಣೋ, ಸೀಳು" ಅಂದಳು. "ನನ್ನ ನೋವನ್ನೂ ಗಾಜಿನ ಪೆಟ್ಟಿಗೇಲಿ ಇಟ್ರು."

ಮಧ್ಯಾಹ್ನ ಅವಳು ಹಿಟ್ಟು ಕಲಸಿದಳು. ಒಂದಕ್ಕಲ್ಲ, ಹತ್ತು ಬ್ರೆಡ್ಡಿಗಾಗುವಷ್ಟು. ಈಸ್ಟ್ ಹಾಕಿದಳು. ಒಲೆಯಣ್ಣ ಕೇಳದೇ ಓವನ್ ಖಾಲಿ ಮಾಡಿಕೊಟ್ಟ. ಹಿಟ್ಟು ಉಬ್ಬುವುದನ್ನು ಬಡಿಸುವವರೂ ಬಂದು ಬಂದು ನೋಡಿಹೋದರು. ಯಾರೂ ಏನೂ ತೀರ್ಮಾನ ಮಾಡಲಿಲ್ಲ. ಸಭೆ ಸೇರಲಿಲ್ಲ. ಆದರೆ ಸಂಜೆ ಅಡಿಗೆಮನೆಯ ತುಂಬ ಬ್ರೆಡ್ಡಿನ ವಾಸನೆ ಏಳುವಾಗ ಎಲ್ಲರ ಕೈಯೂ ನಿಧಾನವಾಗಿತ್ತು.

ಎಂಟು ಗಂಟೆ. ಹಾಲಿನಲ್ಲಿ ಎಲ್ಲರೂ ಮೊಬೈಲು ಎತ್ತಿ ಹಿಡಿದಿದ್ದರು. ಗಾಜಿನ ಕೋಣೆಯಲ್ಲಿ ದೀಪ ಇತ್ತು, ಬಟ್ಟೆಯ ಬೆಂಕಿ ಹಾರಾಡುತ್ತಿತ್ತು, ಅಕ್ಕ ಇರಲಿಲ್ಲ.

ಅಕ್ಕ ತರಕಾರಿ ಪೆಟ್ಟಿಗೆ ಬೋರಲು ಹಾಕಿ ಅಡಿಗೆಮನೆಯಲ್ಲಿ ಕೂತಿದ್ದಳು. ಬಿಸಿ ಬ್ರೆಡ್ಡು ಮುರಿದು ಮುರಿದು ಕೊಡುತ್ತಿದ್ದಳು. ಮೊದಲು ಈರುಳ್ಳಿಯವಳು ಕೂತಳು. ಆಮೇಲೆ ಒಲೆಯಣ್ಣ ಉರಿ ಆರಿಸಿ ಕೂತ. ಆಮೇಲೆ ಬಡಿಸುವವರು ತಟ್ಟೆ ಕೆಳಗಿಟ್ಟು, ಚಿಟ್ಟೆಯಂಥ ಟೈ ಸಡಿಲಿಸಿ ಕೂತರು.

ಇಸ್ತ್ರಿ ನುಗ್ಗಿ ಬಂದ. ಮೊದಲ ಸಲ ಅವನ ಅಂಗಿಯಲ್ಲಿ ಸುಕ್ಕು ಕಂಡೆ.

"ಏನಿದು? ಹೊರಗೆ ಎಂಬತ್ತು ಜನ ಕಾಯ್ತಿದ್ದಾರೆ! ಎಲ್ಲರನ್ನೂ ಕಿತ್ತು ಹಾಕ್ತೀನಿ!"

"ಹಾಕಿ ಸಾರ್. ಊಟ ಆದ್ಮೇಲೆ" ಅಂದ ಒಲೆಯಣ್ಣ, ಬಾಯಿ ತುಂಬ.

"ಅಜ್ಜೀ, ಏಳು!"

"ನಾನು ಯಾರಿಗೂ ಅಜ್ಜಿ ಅಲ್ಲ" ಅಂದಳು ಅಕ್ಕ. "ತೊಗೊಳ್ಳಿ, ನೀವೂ ಒಂದು ತುಂಡು ತಿನ್ನಿ. ನೀವೂ ಬೆಳಗಿಂದ ತಿಂದಿಲ್ಲ, ನಂಗೊತ್ತು."

ಅವನು ತೊಗೊಳ್ಳಲಿಲ್ಲ. ತೊಗೊಂಡಿದ್ದರೆ ನಾನು ಅವನ ಹೆಸರು ಬದಲಾಯಿಸುತ್ತಿದ್ದೆ.

ಬಾಗಿಲು ತೆರೆದೇ ಇತ್ತು. ಹೊರಗಿನವರಿಗೆ ನಾವು ಕಂಡೆವು, ನೆಲದ ಮೇಲೆ ಕೂತು ತಿನ್ನುವವರು. ಹಾಲಿನಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಆಮೇಲೆ ಇಡೀ ಹಾಲು ಎದ್ದು ನಿಂತು ತಟ್ಟತೊಡಗಿತು. ಇದೂ ನಾಟಕ ಅಂದುಕೊಂಡರು, ಇದು ಎರಡನೇ ಅಂಕ ಅಂದುಕೊಂಡರು.

ನನಗೆ ತಡೆಯಲಾಗಲಿಲ್ಲ. ಬ್ರೆಡ್ಡಿನ ತುಂಡು ಕೈಯಲ್ಲಿ ಹಿಡಿದೇ ಹಾಲಿಗೆ ಹೋದೆ. ಗಾಜಿನ ಕೋಣೆಯ ಬಾಗಿಲು ಒದ್ದು ತೆರೆದು ಒಲೆಯ ಹಿಂದೆ ಕೈ ಹಾಕಿದೆ. ಪ್ಲಗ್ ಕಿತ್ತೆ.

ಬಲ್ಬು ಆರಿತು. ಫ್ಯಾನು ನಿಂತಿತು. ಬೆಂಕಿ ಜೋತುಬಿತ್ತು, ಒಗೆದು ಹಾಕಿದ ಕರವಸ್ತ್ರದ ಹಾಗೆ.

ಆಗ ಚಪ್ಪಾಳೆ ನಿಂತಿತು. ಒಬ್ಬೊಬ್ಬರೇ ಮೊಬೈಲು ಕೆಳಗಿಳಿಸಿದರು. ಆ ಸದ್ದಿಲ್ಲದ ಹಾಲಿನಲ್ಲಿ, ಅಡಿಗೆಮನೆಯಿಂದ, ಬ್ರೆಡ್ಡಿನ ಗಟ್ಟಿ ಅಂಚು ಹಲ್ಲಿಗೆ ಸಿಕ್ಕಿ ಮುರಿಯುವ ಸದ್ದು ಎಲ್ಲರಿಗೂ ಕೇಳಿಸಿತು.